ಪಕ್ಕದ ಸೀಟು

ಅಲ್ ಖೋಬರಿನ ನಾಲ್ಕನೆಯ ಮಹಡಿ,
ಮೀನಿನ ಐಸ್ ಪೆಟ್ಟಿಗೆಯಂಥ ಕೋಣೆ.
ಮೇಜಿನ ಮೇಲೆ ಅಂಗೈಯಗಲದ ರೆಕಾರ್ಡರು,
ಅದಕ್ಕೊಂದು ಕೆಂಪು ದೀಪ.
ಕೆಂಪು ಕಂಡರೆ ಕಾಲು ತಾನಾಗಿ ಬ್ರೇಕಿಗೆ ಹೋಗುವ ಮನುಷ್ಯ ನಾನು;
ಇಲ್ಲಿ ಕೆಂಪು ಹತ್ತಿದ ಮೇಲೆಯೇ
ಬಾಯಿ ಬಿಡಬೇಕಂತೆ.

ಪೂರ್ತಿ ಹೆಸರು?
ಪಾವೂರು ಇದಿನಬ್ಬ.
ಹೊಂಗೂದಲ ದೊರೆಸಾನಿ ಎರಡು ಸಲ ಸೆಲ್ಫ್ ಹೊಡೆದಳು,
ಸ್ಟಾರ್ಟ್ ಆಗಲಿಲ್ಲ. ಬರೆದುಕೊಂಡಳು.

ಡು ಯು ಲೈಕ್ ಡ್ರೈವಿಂಗ್?

ಹದಿನೇಳು ವರ್ಷದಲ್ಲಿ ಯಾರೂ ಕೇಳಿರದ ಮಾತು.
ಬಾವಿ ತೋಡುವವನಿಗೆ ಆಳ ಇಷ್ಟವೇ ಎಂದ ಹಾಗೆ.
ಸಂಬಳ ಎಂಬುದು ನಾಲಗೆಯ ತುದಿಗೆ ಬಂದಿತ್ತು, ನುಂಗಿದೆ.
ಹೆಸ್ಸಾ ಹೇಳಿಯೇ ಕಳಿಸಿದ್ದಳು:
"ದುಡ್ಡಿನ ಮಾತು ಬೇಡ ಇದ್ದೀನ್, ಖುಷಿಯ ಮಾತು ಆಡು."
ಯೆಸ್, ಅಂದೆ. ವೆರಿ ಮಚ್.

ನಿಮ್ಮ ಊರಿನಲ್ಲಿ ಕಾರುಗಳು ಹೆಚ್ಚೇ?
ಯಾವ ಊರು, ಮೇಡಂ?
ಮುರಕಲ್ಲು ತುಂಬಿದ ಲಾರಿ ನೇತ್ರಾವತಿ ಸೇತುವೆಯ ಮೇಲೆ ಕೆಮ್ಮುವ ಊರೋ,
ಹಾರನ್ನಿಗೂ ಮೊದಲೇ ಹೈಬೀಮು ಬೆನ್ನಿಗೆ ಬೀಳುವ
ಆರು ಸಾಲಿನ ಈ ಊರೋ?
ಒಂದು ಕ್ಷಣ ನ್ಯೂಟ್ರಲಿನಲ್ಲಿ ನಿಂತೆ.
ಇಳಿಜಾರು ಯಾವ ಕಡೆಗೋ ಆ ಕಡೆ ಜಾರಿತು ಬಾಯಿ:
"ಟೂ ಮಚ್ ಕಾರ್."

ಆಮೇಲೆ ಒಂದು ಚೀಟಿ ತಿರುಗಿಸಿ ಇಟ್ಟಳು.
ಮರೆಯಲಾಗದ ಒಂದು ಕಾರು ಪ್ರಯಾಣ.
ಯೋಚಿಸಲು ಒಂದು ನಿಮಿಷ, ಹೇಳಲು ಎರಡು.

ಎರಡೇ ನಿಮಿಷ!
ಎದೆ ಹಿಡಿದುಕೊಂಡ ಬಾಬಾನನ್ನು ದಮ್ಮಾಮಿಗೆ ಮುಟ್ಟಿಸಿದ್ದೇ
ಹನ್ನೊಂದು ನಿಮಿಷದಲ್ಲಿ.
ಮನೆಮಂದಿಯನ್ನೆಲ್ಲ ಉಮ್ರಾಗೆ ಒಯ್ದದ್ದು ಹದಿಮೂರು ತಾಸು.
ಆದರೆ ನಾನು ಹೇಳಹೊರಟದ್ದು
ಏಳು ಕಿಲೋಮೀಟರಿನ ಕಥೆ.

ಹಿಂದಿನ ಸೀಟಿನ ಹುಡುಗಿ ಅವಳು, ಹೆಸ್ಸಾ.
ನನ್ನ ಕನ್ನಡಿಯೊಳಗೇ ಹಾಲುಹಲ್ಲು ಬಿತ್ತು, ಹಲ್ಲಿಗೆ ತಂತಿ ಬಂತು,
ಕಾಲೇಜಿನ ದಪ್ಪ ಪುಸ್ತಕ ಬಂತು.
ಹೆಂಗಸರೂ ಓಡಿಸಬಹುದೆಂದು ಕಾನೂನು ಬಂದ ವಾರ
ಕನ್ನಡಿಯಿಂದಲೇ ಕೇಳಿದಳು:
ನೀನು ನನಗೆ ಸ್ಟೇರಿಂಗು ಕಲಿಸು, ನಾನು ನಿನಗೆ ಇಂಗ್ಲಿಷು.

ಶುಕ್ರವಾರದ ಬೆಳಗು, ಕಡಲ ಬದಿಯ ಖಾಲಿ ಬಯಲು.
ಅವಳು ಕೋನ್ ಬೀಳಿಸಿದಳು, ನಾನು ವ್ಯಾಕರಣ ಬೀಳಿಸಿದೆ.
'ದಿ' ಎಲ್ಲಿ ಹಾಕುವುದು?
ಇಂಡಿಕೇಟರಿನ ಹಾಗೆ, ತಿರುಗುವ ಮುಂಚೆ.
ಭೂತಕಾಲ?
ಅದು ರಿವರ್ಸು. ಕನ್ನಡಿ ನೋಡಿಕೊಂಡು ನಿಧಾನ ಹೋಗು.

ಲೈಸನ್ಸ್ ಬಂದ ದಿನ
ನನ್ನನ್ನು ಪಕ್ಕ ಕೂರಿಸಿಕೊಂಡು
ದುಡ್ಡು ಕಳಿಸುವ ಅಂಗಡಿಗೆ ಓಡಿಸಿದಳು.
ಇಲ್ಲದ ಬ್ರೇಕನ್ನು ಬಲಗಾಲು ತುಳಿದು ತುಳಿದು
ಮ್ಯಾಟು ಸುಕ್ಕಾಯಿತು.
ಆಮೇಲೆ ಮಾಡಲು ಕೆಲಸವಿಲ್ಲದೆ
ಕಿಟಕಿಯ ಕಡೆ ತಿರುಗಿದೆ.
ಅಲ್ಲಿ ಕಡಲಿತ್ತು.
ಹದಿನೇಳು ವರ್ಷ ಅದರ ಬದಿಯಲ್ಲೇ ಓಡಿಸಿದ್ದೇನೆ;
ನೀರು ಹಸಿರೆಂದು ಗೊತ್ತಿರಲಿಲ್ಲ.

ಇಷ್ಟನ್ನೂ ದೊರೆಸಾನಿಗೆ ಹೇಳಿದ್ದು ಹೀಗೆ:
"ಶಿ ಡ್ರೈವ್. ಐ ಸಿಟ್. ಸೀ ಈಸ್ ಗ್ರೀನ್."
ಅವತ್ತು ರಾತ್ರಿ ಬಾಬಾ ಕರೆದು,
ಇನ್ನು ಮನೆಗೆ ಡ್ರೈವರು ಬೇಡ, ಬೇರೆ ಕಡೆ ನೋಡಿಕೊ
ಎಂದದ್ದನ್ನು ಹೇಳಲಿಲ್ಲ.
ಖುಷಿಯ ಮಾತಲ್ಲ ಅದು.

ಕೊನೆಯ ಪ್ರಶ್ನೆ.
ಮುಂದೊಂದು ದಿನ ಡ್ರೈವರಿಲ್ಲದ ಕಾರು ಬರುತ್ತದಂತೆ,
ನಿಮ್ಮ ಅಭಿಪ್ರಾಯ?
ನಗು ಬಂತು. ಅವಳಿಗೂ ಬಂತು, ಯಾಕೆಂದು ಗೊತ್ತಿಲ್ಲದೆ.
"ಮೇಡಂ," ಅಂದೆ, "ಹೂ ವಿಲ್ ವೈಪ್ ದಿ ಗ್ಲಾಸ್?"
'ದಿ' ಸರಿಯಾದ ಜಾಗದಲ್ಲಿ ಬಿತ್ತು.
ಕೆಂಪು ದೀಪ ಆರಿತು.

ಹೊರಗೆ ಬಂದದ್ದೇ ಸೆಕೆಗೆ ಕನ್ನಡಕ ಹಬೆಗಟ್ಟಿತು.
ತಡಕಾಡಿ ಕಾರು ಹುಡುಕಿ
ಎಡಬದಿಯ ಬಾಗಿಲಿಗೆ ಕೈ ಹಾಕಿದೆ.
ಒಳಗೆ ಅವಳಿದ್ದಳು.
ಗಾಜು ಇಳಿಸಿ, ಮಾತಾಡದೆ, ಆ ಕಡೆ ತೋರಿಸಿದಳು.
ಬಾನೆಟ್ಟಿನ ಬಿಸಿ ಸವರಿಕೊಂಡು
ಸುತ್ತಿ ಬಂದೆ.