ಅರಗು

ಹತ್ತೊಂಬತ್ತು ವರ್ಷ ನವನಗರದ ಕೋರ್ಟಿನಲ್ಲಿ
ಲಕೋಟೆ ಒಡೆಯುವುದು ನನ್ನ ಕೆಲಸವಾಗಿತ್ತು.
ಶಿರಸ್ತೇದಾರ: ಹೆಸರು ದೊಡ್ಡದು, ಉಗುರು ಚಿಕ್ಕದು.
ಅರಗು ಮುರಿದರೆ ಕೆಂಪು ಪುಡಿ ಉಗುರಿನ ಸಂದಿ ಸೇರಿ
ಮಧ್ಯಾಹ್ನ ರೊಟ್ಟಿ ಮುರಿಯುವಾಗ ಕಾಣುತ್ತದೆ.

ಆ ಮಂಗಳವಾರ ಬಂದದ್ದು ಐದು ಮೊಹರಿನದು.
ಮೂಲೆಗೊಂದೊಂದು, ನಡುವೆ ಒಂದು,
ಲಗ್ನಪತ್ರಿಕೆಗೆ ಅರಿಷಿಣ ಹಚ್ಚಿದ ಹಾಗೆ.
ಸರ್ಕಾರಿ ವಕೀಲ ಹಂಚಿನಾಳರು ಎರಡೂ ಕೈಯಿಂದ ಕೊಟ್ಟರು:
“ದೇಶದ ಭದ್ರತಾ ವಿಷಯ ಐತ್ರೀ.
ಸಾಹೇಬರು ಒಬ್ಬರ ಓದಬೇಕು,
ಆರೋಪಿಗೆ ತೋರಸೂ ಹಂಗಿಲ್ಲ.”

ಆರೋಪಿ ಕಟಕಟೆಯಲ್ಲಿದ್ದ.
ಮೊತಾಲೆಬ್ ಶೇಖ್, ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವವ.
ಹುಬ್ಬಿನಲ್ಲಿ ಕೆಂಪುಕಲ್ಲಿನ ಧೂಳು,
ಎರಡು ತಿಂಗಳ ಜೈಲೂ ತೊಳೆದಿರಲಿಲ್ಲ.
ಅವನು ಕಲಿತ ಕನ್ನಡ:
ಹಿಡಿ, ಬಿಡು, ಸರಿ, ಚಾ, ನಾಳೆ.
ಯೋಚಿಸಿದರೆ ಕೋರ್ಟು ಆಡುವುದೂ ಇಷ್ಟನ್ನೇ.

ಬಂಗಾಳಿ ಬಲ್ಲವರು ಯಾರು?
ಹಳೇ ಪೇಟೆಯ ಸಂದಿಯಿಂದ
ಬಂಗಾರ ಕೆಲಸದ ನಿತಾಯ್ ಕರ್ಮಕಾರನನ್ನು
ಜವಾನ ಸೈಕಲ್ ಮೋಟರಿನ ಹಿಂದೆ ಕೂಡಿಸಿಕೊಂಡು ಬಂದ.
ಅವನು ಮಾತನ್ನೂ ಗುಲಗಂಜಿ ಇಟ್ಟೇ ತೂಗುವವ.
“ಊರು ಎಲ್ಲಿ, ಕೇಳು.”
ಕೇಳಿದ. ಇಬ್ಬರೂ ಬಹಳ ಹೊತ್ತು ಆಡಿದರು.
ಕೊನೆಗೆ ನಮಗೆ ಸಿಕ್ಕದ್ದು ಮೂರು ಶಬ್ದ:
“ಊರು ಹೊಳಿ ತಿಂತು.”

ಹಂಚಿನಾಳರು ನಕ್ಕರು,
“ಎಲ್ಲಾರೂ ಹಿಂಗ ಅಂತಾರ್ರೀ,
ಹೊಳಿ ಸಾಕ್ಷಿ ಹೇಳಾಕ ಬರಂಗಿಲ್ಲಲ್ಲ.”

ನಾನು ನಗಲಿಲ್ಲ.
ಕಿಲ್ಲಾ ಓಣಿಯಲ್ಲಿ ನಾನು ಹುಟ್ಟಿದ ಮನೆಯ ಮೇಲೆ
ಆಲಮಟ್ಟಿಯ ಹಿನ್ನೀರು ನಿಂತಿದೆ.
ಬಿರುಬೇಸಿಗೆಗೆ ಹೊಸ್ತಿಲು ಏಳುತ್ತದೆ, ಕೊಕ್ಕರೆಗೆ ಕೂರಲು.
ಆದರೆ ನನ್ನ ಹೊಳೆಗೆ ಗೆಜೆಟ್ ಇತ್ತು.
ನೋಟೀಸು ಕೊಟ್ಟು, ಬಾಗಿಲು, ಕಿಟಕಿ, ಹಿತ್ತಲ ಬೇವು ಎಣಿಸಿ,
ಸೆಕ್ಟರು ನಂಬರು ಕೈಗಿಟ್ಟು
ಆಮೇಲೆ ಏರಿತು.
ಅವನ ಹೊಳೆ ರಾತ್ರಿ ಬಂದಿತ್ತಂತೆ.

ಮುರಿದೆ. ಸಾಹೇಬರು ಓದಿದರು.
ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು.
ಪಂಖದ ಒಂದು ಎಲೆ ಕಿರ್ ಎನ್ನುತ್ತಿತ್ತು.
ಒಳಗೇನಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ.
ನಿಜವೇ ಇದ್ದಿರಬಹುದು.
ಗಡಿಯಲ್ಲಿ ಯಾರೋ ನಿದ್ದೆಗೆಟ್ಟು ಬರೆದದ್ದಿರಬಹುದು,
ಹೆಸರು ನೋಡಿ ಬರೆದದ್ದೂ ಇರಬಹುದು.
ಅರಗಿಗೆ ಎರಡೂ ಒಂದೇ.

ಹಾಳೆ ಮಡಚಿಟ್ಟು ಸಾಹೇಬರೆಂದರು:
“ಇದನ್ನ ನೀವು ಓದೀರಿ, ನಾ ಓದೇನಿ.
ಯಾರ ಮ್ಯಾಲೆ ಬರದದಾರೋ ಅವ ಒಬ್ಬಾವ ಓದಿಲ್ಲ.
ದೇಶ ಕಾಯೂದು ನಿಮ್ಮ ಕೆಲಸ, ಅದಕ್ಕ ನಾ ಕೈ ಹಾಕಂಗಿಲ್ಲ.
ಹೆಂಗ ಕಾಯ್ತೀರಿ ಅಂತ ಕೇಳಬ್ಯಾಡ ಅಂದ್ರ,
ಈ ಕುರ್ಚಿ ಗುಜರಿಗೆ ಹಾಕ್ರಿ.”

ಆಮೇಲೆ ಟೈಪಿಸ್ಟಿಗೆ, ಕೋರ್ಟಿನ ಕನ್ನಡದಲ್ಲಿ:
ಗೌಪ್ಯ ಹೆಸರುಗಳಿಗೆ ಮಸಿ ಬಳಿದು
ಉಳಿದ ಕಾರಣಗಳನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ
ಹದಿನೈದು ದಿನದೊಳಗೆ ನೀಡತಕ್ಕದ್ದು.

ಹದಿನಾಲ್ಕನೇ ದಿನ ಸರ್ಕಾರ ಧಾರವಾಡದ ಪೀಠಕ್ಕೆ ಹೋಯಿತು.
ಕಡತವೂ ಹೋಯಿತು. ಅವನನ್ನೂ ಎಲ್ಲಿಗೋ ಒಯ್ದರು.
ನನ್ನ ರಿಜಿಸ್ಟರಿನಲ್ಲಿ ‘ರವಾನಿಸಲಾಗಿದೆ’ ಎಂದಿದೆ,
ಕಡತವನ್ನೋ ಮನುಷ್ಯನನ್ನೋ
ನಾನೇ ಬರೆದಿಲ್ಲ.

ನೆನಪಿರುವುದು ಅದಲ್ಲ. ಆ ಮಂಗಳವಾರ
ಕಟಕಟೆ ಇಳಿಯುತ್ತ ನನ್ನ ಮೇಜಿನ ಬಳಿ ನಿಂತು
“ನಾಳೆ?” ಅಂದ.
ಅಲ್ಲ ಎಂದು ತಲೆಯಾಡಿಸಿ
ಎರಡೂ ಕೈ ಎತ್ತಿ ಬೆರಳು ಬಿಚ್ಚಿ ತೋರಿಸಿದೆ,
ಹತ್ತು.
ಮತ್ತೆ ಒಂದು ಕೈ, ಐದು.
ಅವನು ಎಣಿಸುತ್ತಿರಲಿಲ್ಲ,
ನನ್ನ ಉಗುರು ನೋಡುತ್ತಿದ್ದ.