ಹಾಂ ಬಾಳಮ್ಮ

ಪಾಂಡವಪುರ ಅಂತ ಹುಡುಕಿದರೆ ಸೊನ್ನೆ.
ಆಗ ಅದಕ್ಕೆ ಆ ಹೆಸರಿಲ್ಲ.
ಹಿರೋಡೆ ಅನ್ನಬೇಕು, ಇಲ್ಲಾ ಫ್ರೆಂಚ್ ರಾಕ್ಸ್.
ಅಂದೆ. ಬಂತು:
ಬೆಲ್ಲದ ಧಾರಣೆ, ತಪ್ಪಿಸಿಕೊಂಡ ಎತ್ತು,
ಪ್ಲೇಗಿನ ಸೂಜಿ, ಗಡಿಯಾರದ ಜಾಹೀರಾತು,
ಮಡಿಕೆಯ ಗೆರೆಯಲ್ಲಿ ಅರ್ಧ ಸತ್ತ ಅಕ್ಷರ.

ನಾನು ಹುಡುಕುತ್ತಿದ್ದದ್ದು ಒಂದು ಹೆಣ.
ಅಜ್ಜಿಯ ಅಕ್ಕ ಹೊಂಬಾಳಮ್ಮ,
ಹದಿನೇಳಕ್ಕೇ ಬಳೆ ಒಡೆಸಿಕೊಂಡವಳು.
ನಾಲೆಗೆ ಬಿದ್ದಳು ಅಂತ ಮನೆಯವರ ಮಾತು.
ಬಿದ್ದವಳಿಗೆ ಎಡೆಯಿಲ್ಲ, ಫೋಟೋ ಇಲ್ಲ.
ಹಬ್ಬದ ಮಾರನೆ ದಿನ ಮಾತ್ರ ಅಜ್ಜಿ
ಮೈಸೂರು ಬಸ್ಸಿನ ಕಂಡಕ್ಟರ್ ಕೈಗೆ
ಒಬ್ಬಟ್ಟಿನ ಗಂಟೊಂದು ಕೊಡುತ್ತಿದ್ದಳು. ಯಾರಿಗೋ.

ಆ ವರ್ಷದ ಪುಟಗಳಲ್ಲಿ ನಾಲೆಗೆ ಬಿದ್ದದ್ದು
ಒಂದು ಎಮ್ಮೆ,
ದಿಬ್ಬಣದ ಗಾಡಿಯೊಂದರ ಹಿಂದಿನ ಚಕ್ರ.

ನಾಲ್ಕು ವರ್ಷ ಮುಂದೆ, ಈಶ್ವರ ಸಂವತ್ಸರ,
ಮೂರನೇ ಪುಟದ ತಳದಲ್ಲಿ
ಮೈಸೂರು ಹೆರಿಗೆ ಆಸ್ಪತ್ರೆ,
ಸೂಲಗಿತ್ತಿ ಪರೀಕ್ಷೆಯಲ್ಲಿ ತೇರ್ಗಡೆಯಾದವರು.
ಏಳನೆಯವಳು ಹಿರೋಡೆಯವಳು.

ಕಾಗದದ ಚಿತ್ರದಲ್ಲಿ ಹೆಸರು ಸರಿಯಾಗೇ ಇದೆ.
ಪಕ್ಕದಲ್ಲಿ ಯಂತ್ರ, ತಾನು ಓದಿಕೊಂಡ ಹಾಗೆ,
ಒತ್ವ ನುಂಗಿ, ನಡುವೆ ಚೂರು ಜಾಗ ಬಿಟ್ಟು
ಬರೆದಿಟ್ಟಿದೆ:
ಹಾಂ ಬಾಳಮ್ಮ.

ತಪ್ಪಿದ್ದರೆ ತಿದ್ದಿ, ಅಂತೊಂದು ಗುಂಡಿ ಇದೆ ಕೆಳಗೆ.
ಒತ್ತಲಿಲ್ಲ.