ತತ್ತಿ ದಿನ

ಮೊದಲ ದಿನ ಹೂಂ ಅಂದಾಕಿ ನಾನೇ.
ಗುರುಶಾಂತಮ್ಮ ಕೊರಳಿನ ಲಿಂಗಕ್ಕ ಕೈ ಒತ್ತಿ
'ದೀಕ್ಷಾ ಆಗ್ಯಾದ ತಂಗಿ, ತತ್ತಿ ನನ್ನ ಕೈಲೆ ಆಗಲ್ಲ' ಅಂದಾಗ
ಖರೇನೇ ಆಕಿ ಕಣ್ಣಾಗ ನೀರಿದ್ದವು.
ಒಬ್ಬರ ನೇಮ ಕೆಡಿಸಿ ನಾ ಏನ್ ಗಳಸ್ಲಿ?
ನೂರಾ ಹನ್ನೆರಡು ತತ್ತಿ.
ಕುದಸ್ತೀನಿ ಬಿಡಕ್ಕ, ಅಂದೆ.

ಹೆಡ್ ಮಾಸ್ತರು ರಜಿಸ್ಟರ್‌ನಾಗ ಬರದ್ರು:
'ಧಾರ್ಮಿಕ ಕಾರಣದಿಂದ ವಿನಾಯಿತಿ ನೀಡಲಾಗಿದೆ.'
ದುಂಡನೆ ಅಕ್ಷರ. ಕೆಳಗ ಸಿಕ್ಕಾ.
ಒಂದು ಪ್ರತಿ ಯಾದಗಿರಿಗಿ ಹೋಯ್ತು.

ಆಮ್ಯಾಗ ಪಾತ್ರಿ ಬ್ಯಾರೆ ಆಯ್ತು.
ಪಾತ್ರಿ ಬ್ಯಾರೆ ಆದ ಮ್ಯಾಲ ಗ್ಯಾಸಿನ ಒಲಿ ಒಂದೇ ಹೆಂಗ ಆದೀತು?
ಬೇವಿನ ಗಿಡದ ಬುಡಕ ಮೂರು ಕಲ್ಲು, ತೊಗರಿ ಕಟ್ಟಿಗಿ,
ಹೊಗಿ,
ನಾನು.
ಒಳಗ ಶಹಾಬಾದಿ ಹಾಸುಗಲ್ಲು ತಣ್ಣಗ ಇರ್ತಾವ,
ತತ್ತಿ ದಿನ ನನ್ನ ಪಾದ ಅಲ್ಲಿ ತಾಕಂಗಿಲ್ಲ.
ಬರಬ್ಯಾಡ ಅಂತ ಯಾರೂ ಅಂದಿಲ್ಲ.
ಬಾಗಿಲಾಗ ಒಂದು ಬಕೆಟ್ ಇಟ್ಟಾರ, ಅಷ್ಟೇ.

ದೀಪಾವಳಿ ರಜಾ ಮುಗಿಸಿ ಬಂದ್ರ
ಹುಡುಗರ ಸಾಲೂ ಎರಡಾಗಿತ್ತು.
ತತ್ತಿಯವರು ಗೋಡಿ ಕಡಿ, ಬಾಳಿಹಣ್ಣಿನವರು ಮುಂದ.
ನಾಕ್ನೇತ್ತೆ ಮೋನಪ್ಪ ಬಾಳಿಹಣ್ಣಿನ ಸಾಲಿನಾಗ ಕುಂತು
ನನ್ನ ಬುಟ್ಟಿ ನೋಡ್ಲಾಕತ್ತಿದ್ದ.
ಅವರ ಮನ್ಯಾಗ ಆರು ಕೋಳಿ ಅದಾವ, ನನಗ ಗೊತ್ತು.
ಯಾಕೋ ಅಂದ್ರ
'ಆ ಕಡಿ ಕುಂತ್ರ ಆಟಕ್ಕ ಕರೆಯಲ್ಲ' ಅಂದ.

ನೇಮ ಇದ್ದದ್ದು ಒಂದು ಕೈಗಿ.
ಕೈಯಿಂದ ಪಾತ್ರಿಗಿ, ಪಾತ್ರಿಯಿಂದ ಗಿಡದ ಬುಡಕ,
ಅಲ್ಲಿಂದ ಒಂಬತ್ತು ವರ್ಷದ ಹುಡುಗನ ಹೊಟ್ಟಿ ತನಕ
ಅದನ್ನ ಬೆರಳು ಹಿಡದು ನಡಸಿಕೊಂಡು ಬಂದವರು ಯಾರು?
ಕೇಳಿದ್ರ ಎಲ್ಲಾರೂ ರಜಿಸ್ಟರ್ ತೋರಸ್ತಾರ.

ಹೋದ ವಾರ ಸೊಂಟ ಹಿಡಕೊಂತು.
ಎರಡು ದಿನ ರಜಾ ಕೇಳಿದೆ.
'ನೀ ಇಲ್ಲಂದ್ರ ತತ್ತಿ ಯಾರು ಮಾಡ್ತಾರ, ಹಣಮವ್ವಾ?'
ಸರ್ ಕೆಟ್ಟ ಮನಷ್ಯಾ ಅಲ್ಲ. ತಿಳೀದೇನೇ ಕೇಳಿದ್ರು.
ನನ್ನ ಸೊಂಟಕ್ಕ
ಯಾವ ಮಠಕ್ಕ ಹೋಗಿ ದೀಕ್ಷಾ ಕೊಡಸ್ಲಿ?

ಅವತ್ತು ಗುರುಶಾಂತಮ್ಮ ಬೋರಿನಿಂದ
ಎರಡು ಕೊಡ ನೀರು ತಂದು, ಒಲಿ ಬಾಜೂಕ ಇಟ್ಟು,
ಮಾತಾಡದೇ ಹೋದಳು.
ನೀರಿಗಿ ನೇಮ ಇಲ್ಲಂತ ಕಾಣ್ತದ.
ಆಕಿ ಮ್ಯಾಲ ಸಿಟ್ಟು ಮಾಡ್ಬೇಕಂದ್ರ ಬರವಲ್ದು.

ಸರ್, ಆಕಿ ಸಾಲು ಅಳಸಬ್ಯಾಡ್ರಿ.
ಅದರ ಕೆಳಗ ಇನ್ನೊಂದು ಬರೀರಿ:
ಆಕಿ ಬಿಟ್ಟ ಕೆಲಸ ಯಾರ ಮ್ಯಾಲ ಬಿತ್ತು,
ಅದಕ್ಕ ಪಗಾರ ಎಷ್ಟು, ರಜಾ ಯಾವಾಗ,
ಹುಡುಗರು ಎಲ್ಲಿ ಕುಂತು ಉಂಡರು.
ಸಿಕ್ಕಾ ಅಲ್ಲೂ ಒತ್ತರಿ.

ಹಾಳಿ ತಿರುವಿ ತಿರುವಿ ನೋಡ್ತಾರ,
ಅಂಥಾ ಕಲಮು ಇಲ್ಲ ಅಂತಾರ.

ನಾ ತತ್ತಿ ಸುಲೀತೀನಿ.
ಆಕಿ ತಂದ ತಣ್ಣೀರಾಗ ಮುಳಗಿಸಿದ್ರ
ಸಿಪ್ಪಿ ಸಲೀಸ ಬಿಡ್ತದ.
ಬುಟ್ಟ್ಯಾಗ ನೂರಾ ಹನ್ನೊಂದು.
ಸೆರಗಿನಾಗ ಮೋನಪ್ಪಂದು, ಇನ್ನೂ ಬಿಸಿ.